ಒಪ್ಪಲ್ಲ ಅನ್ನೋಕೆ ಒಂದು ಗಂಟೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಮಾತು ಕೇಳುವುದಕ್ಕೆ ಜನ ಸೇರಿಸುವುದು ಕಷ್ಟವಲ್ಲ. ಪ್ರವಚನ ಅಂದರೆ ಬರುತ್ತಾರೆ, ಉಪನ್ಯಾಸ ಅಂದರೂ ಬರುತ್ತಾರೆ, ಶ್ರಾವಣದಲ್ಲಂತೂ ತಿಂಗಳಿಡೀ ಬರುತ್ತಾರೆ. ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ, ಕೊನೆಗೆ ವಂದನಾರ್ಪಣೆ. ಈಗ ನಾವು ಮಾಡ್ತಿರೋದೂ ಅದೇ ಬಿಡಿ. ಆದರೆ ನನಗೆ ಕೊಟ್ಟಿರುವ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಅನಲಿಟಿಕ್ ಫಿಲಾಸಫಿ ಓದುವ ಗುಂಪೊಂದನ್ನು ಆನ್‌ಲೈನಿನಲ್ಲಿ ಕಟ್ಟುವುದು ಹೇಗೆ? ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಕೆಲವರು ಸೇರಿ ಇಂಥದ್ದೊಂದನ್ನು ನಡೆಸುತ್ತಿದ್ದೇವೆ. ಅದರ ಅನುಭವದಿಂದ ಹೇಳುತ್ತೇನೆ.

ನಮ್ಮೂರಿನ ಜನ ವಾದ ಮಾಡುವುದಿಲ್ಲ ಅಂತ ಯಾರೂ ಹೇಳಲಾರರು. ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು ನೋಡಿ, ಎಲೆಕ್ಷನ್ನಿಂದ ಹಿಡಿದು ಅಡಿಕೆ ರೇಟಿನವರೆಗೆ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಅದೇ ಜನ ಸಭೆಯಲ್ಲಿ ಕುರ್ಚಿ ಮೇಲೆ ಕೂತರೆ ಬಾಯಿ ಬಂದ್. ಎದುರಿಗೆ ಹಿರಿಯರು, ಮೇಷ್ಟ್ರು, ಸ್ವಾಮಿಗಳು ಇರುತ್ತಾರೆ, ಹೇಗೆ ತಪ್ಪು ಅನ್ನೋದು ಅಲ್ವಾ? ಓದುವ ಗುಂಪು ಕಟ್ಟುವವರ ಕೆಲಸವೆಲ್ಲ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಲಿಂಕ್ ಕಳಿಸುವುದು, ಪಿಡಿಎಫ್ ಹುಡುಕುವುದು ಯಾರು ಬೇಕಾದರೂ ಮಾಡುತ್ತಾರೆ. ‘ನಾನು ಇದನ್ನು ಒಪ್ಪಲ್ಲ’ ಅಂತ ಮರ್ಯಾದೆ ಕೆಡದ ಹಾಗೆ ಹೇಳುವುದಕ್ಕೆ ಒಂದು ಗಂಟೆ ಜಾಗ ಮಾಡಿಕೊಡುವುದು ಮಾತ್ರ ಕಷ್ಟ.

ಈ ಫಿಲಾಸಫಿಗೆ ಆ ಜಾಗ ಇನ್ನೂ ಜಾಸ್ತಿ ಬೇಕು. ಜರ್ಮನಿಯ ಯೇನಾದಲ್ಲಿ ಗಣಿತದ ಪ್ರೊಫೆಸರ್ ಆಗಿದ್ದ ಫ್ರೇಗೆ, ಕೇಂಬ್ರಿಡ್ಜಿನ ರಸೆಲ್ ಮತ್ತು ಮೂರ್, ಅವರ ಹಿಂದೆಯೇ ಬಂದ ವಿಟ್‌ಗೆನ್‌ಸ್ಟೈನ್, ಇವರಿಂದ ಶುರುವಾದ ದಾರಿ ಇದು. ಜೀವನ ಅಂದರೇನು ಅಂತ ಒಂದೇ ಏಟಿಗೆ ಹೇಳಿ ಮುಗಿಸುವ ಉತ್ಸಾಹ ಇಲ್ಲಿ ಕಮ್ಮಿ. ಸಣ್ಣ ಪ್ರಶ್ನೆ ತಗೋತಾರೆ, ಹಂತ ಹಂತವಾಗಿ ವಾದ ಇಡುತ್ತಾರೆ. ಯಾವ ಹಂತದಲ್ಲಿ ಬೇಕಾದರೂ ನೀವು ತಡೆಯಬಹುದು. ತಡೆಯುವುದಕ್ಕೆ ಡಿಗ್ರಿ ಬೇಕಿಲ್ಲ, ಗಮನ ಬೇಕು. ಪಿಯುಸಿ ಮುಗಿಸಿ ಅಂಗಡಿ ನೋಡಿಕೊಳ್ಳುವ ಹುಡುಗ ಪ್ರೊಫೆಸರರ ಮೂರನೇ ಸಾಲಿನಲ್ಲಿ ತೂತು ಹುಡುಕಬಹುದು. ಹುಡುಕಿದ್ದನ್ನು ನಾನು ಕಂಡಿದ್ದೇನೆ.

ಮೊದಲು ಪಠ್ಯದ ವಿಷಯ. ಹೊಸ ಗುಂಪಿನವರು ಮೊದಲ ಮೀಟಿಂಗಿನಲ್ಲೇ ದೊಡ್ಡ ಪುಸ್ತಕಕ್ಕೆ ಕೈ ಹಾಕುತ್ತಾರೆ, ಅದರಲ್ಲೂ ವಿಟ್‌ಗೆನ್‌ಸ್ಟೈನರ ಟ್ರಾಕ್ಟೇಟಸ್ ಮೇಲೆ ಎಲ್ಲರಿಗೂ ಕಣ್ಣು. ತೆಳ್ಳಗಿನ ಪುಸ್ತಕ, 1921ರಲ್ಲಿ ಬಂದದ್ದು, 1ರಿಂದ 7ರವರೆಗೆ ನಂಬರ್ ಹಾಕಿದ ಸೂತ್ರಗಳು, ನೋಡೋಕೆ ನಮ್ಮ ಹಳೇ ಸೂತ್ರ ಗ್ರಂಥಗಳ ಹಾಗೇ ಇದೆ. ‘ಮಾತಾಡಲಾಗದ್ದರ ಬಗ್ಗೆ ಸುಮ್ಮನಿರಬೇಕು’ ಅನ್ನುವ ಆ ಏಳನೇ ಸೂತ್ರ ಎಲ್ಲರ ಬಾಯಲ್ಲೂ ಇದೆ, ಒಂದರಿಂದ ಏಳಕ್ಕೆ ಹೋಗುವ ದಾರಿ ಮಾತ್ರ ಯಾರಿಗೂ ಬೇಡ. ಅದು ಓದಲ್ಲ, ಸುಮ್ನೆ ಮಂತ್ರ ಹೇಳೋದು. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಶುರುವಿಗೆ ಮೂರು ಪುಟ ಸಾಕು. ನಿಜವಾಗಿ ಮೂರೇ ಪುಟ. ಎಡ್ಮಂಡ್ ಗೆಟಿಯರ್ ಅಂತ ಅಮೆರಿಕದವರು, 1963ರಲ್ಲಿ ಅನಾಲಿಸಿಸ್ ಪತ್ರಿಕೆಯಲ್ಲಿ ಅಷ್ಟೇ ಉದ್ದದ ಒಂದು ಲೇಖನ ಬರೆದರು. ಅದನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಲು ಎಲ್ಲರಿಗೂ ಹೇಳಿ. ನಮ್ಮ ಕಡೆ ಜಾಸ್ತಿ ಜನ ಸೇರುವುದು ಫೋನಿನಲ್ಲಿ. ಫೋನಿನಲ್ಲೇ ಮೀಟಿಂಗು, ಫೋನಿನಲ್ಲೇ ಪಿಡಿಎಫ್ ಅಂದರೆ ಎರಡೂ ಆಗುವುದಿಲ್ಲ. ಕೈಯಲ್ಲಿ ಕಾಗದ ಇರಲಿ, ಪೆನ್ನಿನಿಂದ ಪ್ಯಾರಾಗಳಿಗೆ ನಂಬರ್ ಹಾಕಿಕೊಳ್ಳಲಿ. ಈ ನಂಬರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ.

ಗೆಟಿಯರ್ ಏನು ಹೇಳಿದರು? ನನಗೆ ಒಂದು ವಿಷಯ ಗೊತ್ತು ಅನ್ನಬೇಕಾದರೆ ಮೂರು ಇರಬೇಕು ಅಂತ ಆಗ ಹಲವರು ಹೇಳುತ್ತಿದ್ದರು. ಆ ವಿಷಯ ನಿಜ ಇರಬೇಕು, ನಾನು ಅದನ್ನು ನಂಬಿರಬೇಕು, ನಂಬುವುದಕ್ಕೆ ಸರಿಯಾದ ಆಧಾರ ಇರಬೇಕು. ಕೇಳಿದರೆ ಸರಿ ಅನಿಸುತ್ತೆ, ಅಲ್ವಾ? ಗೆಟಿಯರ್ ಒಂದು ಸಣ್ಣ ಕಥೆ ಹೇಳುತ್ತಾರೆ. ಸ್ಮಿತ್, ಜೋನ್ಸ್ ಇಬ್ಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೇ ಅಂತ ಕಂಪನಿಯ ಅಧ್ಯಕ್ಷರು ಸ್ಮಿತ್‌ಗೆ ಹೇಳಿದ್ದಾರೆ. ಜೋನ್ಸ್ ಜೇಬಿನಲ್ಲಿ 10 ನಾಣ್ಯ ಇರುವುದನ್ನು ಸ್ಮಿತ್ ಸ್ವತಃ ಎಣಿಸಿದ್ದಾನೆ. ಹಾಗಾಗಿ ‘ಕೆಲಸ ಸಿಗುವವನ ಜೇಬಿನಲ್ಲಿ 10 ನಾಣ್ಯ ಇವೆ’ ಅಂತ ನಂಬುತ್ತಾನೆ. ಆದರೆ ಕೆಲಸ ಸಿಕ್ಕುವುದು ಸ್ಮಿತ್‌ಗೇ. ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ 10 ನಾಣ್ಯ ಇವೆ. ಅವನು ನಂಬಿದ್ದು ನಿಜವಾಯಿತು, ಆಧಾರವೂ ಇತ್ತು, ಆದರೂ ಅವನಿಗೆ ಅದು ‘ಗೊತ್ತಿತ್ತು’ ಅನ್ನೋಕೆ ಮನಸ್ಸು ಬರುವುದಿಲ್ಲ.

ಇದನ್ನು ಓದಿದ ದಿನ ನಮ್ಮ ಗುಂಪಿನಲ್ಲಿ ಏನಾಯಿತು ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮ್ಯೂಟ್ ತೆಗೆದು, ‘ಅಧ್ಯಕ್ಷರು ಬಾಯಲ್ಲಿ ಹೇಳಿದ್ದೆಲ್ಲ ಆಧಾರವೇನ್ರೀ? ಆರ್ಡರ್ ಕಾಪಿ ಕೈಗೆ ಬರೋತನಕ ಯಾರಿಗೂ ಕೆಲಸ ಸಿಕ್ಕಿಲ್ಲ’ ಅಂದರು. ಎಲ್ಲರೂ ನಕ್ಕರು. ಆದರೆ ಅದು ನಕ್ಕು ಬಿಡುವ ಮಾತಲ್ಲ. ಕಥೆ ಶುರು ಮಾಡುವ ಮುಂಚೆಯೇ ಗೆಟಿಯರ್ ಎರಡು ಮಾತು ಇಟ್ಟುಕೊಂಡಿದ್ದಾರೆ. ಒಂದು, ಸರಿಯಾದ ಆಧಾರ ಇದ್ದೂ ನಾವು ನಂಬಿದ್ದು ಸುಳ್ಳಾಗಬಹುದು. ಎರಡು, ಆಧಾರ ಇರುವ ನಂಬಿಕೆಯಿಂದ ತರ್ಕಬದ್ಧವಾಗಿ ಇನ್ನೊಂದನ್ನು ಹೊರಡಿಸಿದರೆ ಅದಕ್ಕೂ ಆಧಾರ ಇದ್ದಂತೆಯೇ. ಆರ್ಡರ್ ಕಾಪಿ ಕೇಳಿದವರು ಆ ಮೊದಲನೇ ಮಾತಿಗೇ ಕೈ ಹಾಕಿದ್ದರು. ಆಗ ಟೀಚರ್ ಹುದ್ದೆಗೆ ಓದುತ್ತಿರುವ ಹುಡುಗಿ ಕೇಳಿದಳು: ‘ಸರ್, ಆರ್ಡರ್ ಬಂದಮೇಲೂ ನೇಮಕಾತಿ ರದ್ದಾಗುತ್ತಲ್ಲ. ಅಷ್ಟು ಗಟ್ಟಿ ಆಧಾರವೇ ಬೇಕು ಅಂದ್ರೆ ನಮಗೆ ಗೊತ್ತಿರೋದು ಅಂತ ಏನು ಉಳೀತು?’ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆನ್‌ಲೈನಿನಲ್ಲಿ ಎರಡು ನಿಮಿಷ ಮೌನ ಅಂದರೆ ನೆಟ್ ಹೋಯ್ತು ಅಂತಲೇ ಲೆಕ್ಕ, ಆದರೂ ಕಾದೆವು.

ಆಮೇಲೆ ಇನ್ನೊಬ್ಬರು ಬೇರೆ ಕಡೆಯಿಂದ ಬಂದರು. ಸ್ಮಿತ್ ಒಂದು ಸುಳ್ಳನ್ನು ದಾಟಿಕೊಂಡು ನಿಜಕ್ಕೆ ಬಂದಿದ್ದಾನೆ, ತೊಂದರೆ ಇರೋದು ಅಲ್ಲಿ, ಅಂತ. ಇದೇ ಉತ್ತರವನ್ನು ಮೈಕೆಲ್ ಕ್ಲಾರ್ಕ್ ಅನ್ನುವವರು 1963ರಲ್ಲೇ, ಅದೇ ಪತ್ರಿಕೆಯಲ್ಲಿ ಕೊಟ್ಟಿದ್ದರು. ನಮ್ಮವರಿಗೆ ಅದು ಗೊತ್ತಿರಲಿಲ್ಲ, ತಾವೇ ಕಂಡುಕೊಂಡರು. ಗೊತ್ತಿದ್ದವರು ಆ ಹೊತ್ತಿನಲ್ಲಿ ‘ಇದು ಆಗಲೇ ಹೇಳಿದ್ದು’ ಅನ್ನಬಾರದು. ಅದೊಂದು ಮಾತಿಗೆ ಗುಂಪು ಮತ್ತೆ ಪ್ರವಚನ ಆಗಿಬಿಡುತ್ತದೆ. ಮುಂದಿನ ವಾರ ಹೇಳಿ, ಖುಷಿ ಪಡುತ್ತಾರೆ.

ಅದರ ಜೊತೆಗೇ ರಸೆಲ್ 1948ರಲ್ಲಿ ಕೊಟ್ಟ ನಿಂತ ಗಡಿಯಾರದ ಉದಾಹರಣೆಯನ್ನೂ ಹಾಕಬಹುದು. ಬಸ್ ಸ್ಟ್ಯಾಂಡಿನ ಗಡಿಯಾರ ನಿಂತುಹೋಗಿದೆ, ನಿಮಗೆ ಗೊತ್ತಿಲ್ಲ, ನೀವು ನೋಡಿದ ಕ್ಷಣದಲ್ಲಿ ಸುಮ್ನೆ ಅದೃಷ್ಟಕ್ಕೆ ಟೈಮ್ ಸರಿ ಇದೆ. ಇದಕ್ಕಿಂತ ನಮ್ಮವರಿಗೆ ಹಿಡಿಸಿದ್ದು ಧರ್ಮೋತ್ತರನ ಉದಾಹರಣೆ. ಎಂಟನೇ ಶತಮಾನದ ಬೌದ್ಧ ಚಿಂತಕ. ಮಾಂಸ ಸುಡಲು ಆಗತಾನೇ ಬೆಂಕಿ ಹಚ್ಚಿದ್ದಾರೆ, ಇನ್ನೂ ಹೊಗೆ ಬಂದಿಲ್ಲ, ವಾಸನೆಗೆ ಹುಳುಗಳು ಮುತ್ತಿಕೊಂಡಿವೆ. ದೂರದಿಂದ ನೋಡಿದವನು ಹುಳುಗಳ ಗುಂಪನ್ನೇ ಹೊಗೆ ಅಂದುಕೊಂಡು ಅಲ್ಲಿ ಬೆಂಕಿ ಇದೆ ಅನ್ನುತ್ತಾನೆ. ಬೆಂಕಿಯೇನೋ ಇದೆ! ಇದನ್ನು ಹೇಳಿದ ಕೂಡಲೇ ‘ನೋಡಿದ್ರಾ, ಎಲ್ಲಾ ನಮ್ಮಲ್ಲೇ ಇತ್ತು’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಇರಲಿ, ಸಂತೋಷ. ಆದರೆ ಧರ್ಮೋತ್ತರನ ವಾದ ಯಾವುದು, ಅದು ನಿಲ್ಲುತ್ತದಾ ಅಂತ ಅವರನ್ನೇ ಕೇಳಿ. ಅವನ ವಾದಕ್ಕೂ ತಡೆ ಒಡ್ಡಬಹುದು.

ನಮ್ಮ ಹಳೇ ಪದ್ಧತಿಯಿಂದ ನಾವು ನೇರವಾಗಿ ತೆಗೆದುಕೊಂಡಿದ್ದು ಪೂರ್ವಪಕ್ಷ. ಪ್ರತಿ ಸಲ ಒಬ್ಬರಿಗೆ ಪೂರ್ವಪಕ್ಷದ ಜವಾಬ್ದಾರಿ. ಲೇಖಕರು ಏನು ಹೇಳುತ್ತಿದ್ದಾರೆ ಅಂತ ಐದಾರು ವಾಕ್ಯದಲ್ಲಿ, ಕನ್ನಡದಲ್ಲಿ, ತನ್ನ ಅಭಿಪ್ರಾಯ ಬೆರೆಸದೆ ಹೇಳಬೇಕು. ‘ಹೌದು, ಲೇಖಕರು ಹೇಳಿದ್ದು ಇದೇ’ ಅಂತ ಉಳಿದವರು ಒಪ್ಪಬೇಕು. ಒಪ್ಪುವತನಕ ಯಾರೂ ಖಂಡಿಸುವ ಹಾಗಿಲ್ಲ. ಅರ್ಧ ಗಂಟೆ ಇದಕ್ಕೇ ಹೋದರೂ ಹೋಗಲಿ. ಪಠ್ಯ ಇಂಗ್ಲಿಷಿನಲ್ಲೇ ಇರುತ್ತದೆ, ಜೋರಾಗಿ ಓದುತ್ತೇವೆ, ಚರ್ಚೆ ಮಾತ್ರ ಕನ್ನಡ. ಒಂದೊಂದು ಪದಕ್ಕೂ ಕನ್ನಡ ಹುಡುಕುತ್ತಾ ಕೂರಬೇಡಿ, ಗಂಟೆ ಅಲ್ಲೇ ಮುಗಿಯುತ್ತೆ.

ಈಗ ಪ್ಯಾರಾ ನಂಬರಿನ ಮಾತು. ಹರಿಹರದ ಮೇಡಂ ಒಬ್ಬರು ಬಹಳ ದಿನ ಒಂದು ಮಾತೂ ಆಡದೆ ಕೇಳುತ್ತಿದ್ದರು. ಕೇಳಿದರೆ, ‘ಸರ್ ಹೇಳಿದ್ದನ್ನ ತಪ್ಪು ಅಂತ ನಾನು ಹೇಗೆ ಹೇಳಲಿ’ ಅಂದರು. ಆಮೇಲೆ ಒಂದು ನಿಯಮ ಮಾಡಿದೆವು: ಯಾರ ಹೆಸರನ್ನೂ ಎತ್ತುವ ಹಾಗಿಲ್ಲ, ತಕರಾರು ಏನಿದ್ದರೂ ಪ್ಯಾರಾ ನಂಬರಿನ ಮೇಲೆ. ‘ಸರ್ ಹೇಳಿದ್ದು ತಪ್ಪು’ ಅನ್ನೋಕೆ ಬಾರದವರು ‘ಪ್ಯಾರಾ 3 ನಾನು ಒಪ್ಪಲ್ಲ’ ಅಂತ ಆರಾಮಾಗಿ ಹೇಳುತ್ತಾರೆ. ಈಗ ಆ ಮೇಡಂ ಎಷ್ಟು ಪ್ಯಾರಾ ಒಪ್ಪಲ್ಲ ಅಂದರೆ, ಅವರು ಮ್ಯೂಟ್ ತೆಗೆದ ಸದ್ದಿಗೇ ಪೂರ್ವಪಕ್ಷದವರಿಗೆ ಬೆವರು. ಸರ್, ಮೇಡಂ, ಅಣ್ಣ, ಅಕ್ಕ ಎಲ್ಲ ಹಾಗೇ ಇವೆ. ಮರ್ಯಾದೆ ತೆಗೆಯಬೇಕಾಗಿಲ್ಲ, ಅದು ವಾದಕ್ಕೆ ಅಡ್ಡ ಬರದಿದ್ದರೆ ಸಾಕು.

ಇದರ ಉಲ್ಟಾ ಸಮಸ್ಯೆಯೂ ಇದೆ. ತುಂಬಾ ಓದಿದ ಹಿರಿಯರು ಒಬ್ಬರಿರುತ್ತಾರೆ, ಶುರು ಮಾಡಿದರೆ ಇಪ್ಪತ್ತು ನಿಮಿಷ. ಅವರನ್ನು ಮ್ಯೂಟ್ ಮಾಡುವ ಧೈರ್ಯ ನನಗಂತೂ ಇಲ್ಲ. ಅವರಿಗೆ ಟಿಪ್ಪಣಿ ಬರೆದುಕೊಳ್ಳುವ ಕೆಲಸ ಕೊಡಿ. ಯಾರು ಯಾವ ತಕರಾರು ಎತ್ತಿದರು ಅಂತ ಬರೆಯುವಾಗ ಮಾತಾಡಲು ಪುರುಸೊತ್ತು ಇರುವುದಿಲ್ಲ, ಟಿಪ್ಪಣಿಯೂ ಚೆನ್ನಾಗಿ ಬರುತ್ತದೆ. (ಮುಂದಿನ ಸಾಲಿನಲ್ಲಿ ಯಾರೋ ನಗ್ತಾ ಇದ್ದಾರೆ, ಅವರಿಗೆ ಗೊತ್ತಾಯ್ತು ಅನಿಸುತ್ತೆ.)

ವ್ಯವಸ್ಥೆಯ ಮಾತು ಬೇಗ ಮುಗಿಸುತ್ತೇನೆ. ನಮ್ಮದು ರಾತ್ರಿ ಒಂಬತ್ತರ ಮೇಲೆ, ಅಂಗಡಿ ಬಾಗಿಲು ಹಾಕಿದವರೂ ಸೇರಬೇಕಲ್ಲ. ಗೂಗಲ್ ಮೀಟ್ ಪುಕ್ಕಟೆ ಖಾತೆಯಲ್ಲಿ ಗುಂಪಿನ ಮೀಟಿಂಗ್ ಒಂದು ಗಂಟೆಗೆ ಕಟ್ ಆಗುತ್ತದೆ, ಜೂಮ್ ಆದರೆ 40 ನಿಮಿಷಕ್ಕೆ. ದುಡ್ಡು ಕೊಟ್ಟು ಅದನ್ನು ತೆಗೆಸಬೇಡಿ. ಮುಗಿಯುವ ಟೈಮ್ ಗೊತ್ತಿದ್ದರೆ ಜನ ಬರುತ್ತಾರೆ. ರೆಕಾರ್ಡ್ ಮಾಡಬೇಡಿ. ರೆಕಾರ್ಡ್ ಆಗ್ತಿದೆ ಅಂದಕೂಡಲೇ ಎಲ್ಲರೂ ಭಾಷಣದ ಧ್ವನಿಗೆ ಹೋಗುತ್ತಾರೆ. ಕ್ಯಾಮೆರಾ ಅವರವರ ಇಷ್ಟ, ಎಷ್ಟೋ ಜನ ಅಡುಗೆಮನೆಯಿಂದಲೇ ಸೇರುತ್ತಾರೆ. ಕರೆಂಟ್ ಹೋದವರಿಗೆ ಟಿಪ್ಪಣಿ ವಾಟ್ಸಾಪಿನಲ್ಲಿ ಬರುತ್ತದೆ. ಆ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹಾಕಿದವರಿಗೆ ಮುಂದಿನ ಪೂರ್ವಪಕ್ಷ.

ಗೆಟಿಯರ್ ಆದಮೇಲೆ ಆಸ್ಟ್ರೇಲಿಯಾದ ಫಿಲಾಸಫರ್ ಪೀಟರ್ ಸಿಂಗರ್ ತಗೊಳ್ಳಿ. 1971ರ ನವೆಂಬರಿನಲ್ಲಿ, ಪೂರ್ವ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಬರೆದ ಲೇಖನ, ಅಚ್ಚಾಗಿದ್ದು 1972ರಲ್ಲಿ. ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾಗುತ್ತೆ ಅಂತ ಸುಮ್ಮನೆ ನಿಲ್ಲುತ್ತೀರಾ, ದೂರದಲ್ಲಿ ಸಾಯುತ್ತಿರುವವರ ವಿಷಯ ಯಾಕೆ ಬೇರೆ ಅಂತ ಕೇಳುತ್ತಾರೆ. ಇಲ್ಲಿ ನಮ್ಮವರು ತಕ್ಷಣ ದಾಸೋಹದ ಮಾತು ತೆಗೆದರು. ಮಠದಲ್ಲಿ ಬಂದವರಿಗೆಲ್ಲ ಊಟ ಹಾಕುವುದನ್ನು ಯಾರೂ ದಾನ ಅನ್ನುವುದಿಲ್ಲ, ಸಿಂಗರ್ ಹೇಳುತ್ತಿರುವುದೂ ಅದೇ ಅಲ್ವಾ, ಅಂತ. ಅರ್ಧ ಹೌದು. ದುಡ್ಡು ಕೊಡುವುದು ಧರ್ಮ ಮಾಡಿದಂತಲ್ಲ, ಕೊಡಲೇಬೇಕಾದ್ದು ಅನ್ನುವುದು ಸಿಂಗರರ ವಾದ. ಆದರೆ ಚಿತ್ರದುರ್ಗದ ಒಬ್ಬರು ಹಿಡಿದ ಎಳೆ ಚೆನ್ನಾಗಿತ್ತು. ದಾಸೋಹದಲ್ಲಿ ಬಾಗಿಲಿಗೆ ಬಂದವರಿಗೆ ಊಟ, ಸಿಂಗರ್ ಬಾಗಿಲಿಗೆ ಬರಲಾಗದವರ ಲೆಕ್ಕ ಕೇಳುತ್ತಿದ್ದಾರೆ, ದೂರವನ್ನೇ ಲೆಕ್ಕಕ್ಕಿಲ್ಲ ಅನ್ನುತ್ತಿದ್ದಾರೆ. ಹಾಗಾದರೆ ಎಲ್ಲಿಗೆ ನಿಲ್ಲಿಸುವುದು? ಆವತ್ತು ಮೀಟ್ ಕಟ್ ಆದಮೇಲೂ ಹೊಸ ಲಿಂಕ್ ಮಾಡಿ ಮುಂದುವರಿಸಿದರು, ನಿಯಮ ಮಾಡಿದ ನಾನೂ ಸೇರಿ.

ಕಷ್ಟದವೂ ಇವೆ. ಪದಗಳು ವಸ್ತುವನ್ನು ಹೇಗೆ ಸೂಚಿಸುತ್ತವೆ ಅಂತ ರಸೆಲ್ 1905ರಲ್ಲಿ ಬರೆದ ‘ಆನ್ ಡಿನೋಟಿಂಗ್’ ಲೇಖನ ಇಲ್ಲದೆ ಈ ದಾರಿಯ ಅರ್ಧ ಅರ್ಥವಾಗುವುದಿಲ್ಲ, ಆದರೆ ಅದರ ನಡುವೆ ಗ್ರೇ ಕವಿಯ ಸಾಲಿನ ಸುತ್ತ ಬರುವ ಒಂದು ಭಾಗದ ಅರ್ಥ ಏನು ಅಂತ ಪಂಡಿತರೇ ಇನ್ನೂ ಕಿತ್ತಾಡುತ್ತಿದ್ದಾರೆ. ಮೊದಲ ಸಲ ಅದನ್ನು ಹಾರಿಸಿ, ನಾಚಿಕೆ ಬೇಡ. ಅದಕ್ಕೂ ಮುಂಚೆ ಫ್ರೇಗೆ 1892ರ ಲೇಖನದ ಮೊದಲ ಕೆಲವು ಪುಟ ಓದಿ. ಮುಂಜಾನೆ ಮೂಡುವ ಬೆಳ್ಳಿ, ಸಂಜೆ ಕಾಣುವ ಚುಕ್ಕಿ ಎರಡೂ ಒಂದೇ ಶುಕ್ರ ಅನ್ನುವುದು ಹೊಸ ತಿಳಿವಳಿಕೆ ಆಗುವುದು ಹೇಗೆ, ಎರಡು ಹೆಸರೂ ಒಂದನ್ನೇ ಹೇಳುತ್ತಿದ್ದರೆ? ಬೆಳ್ಳಿ ಮೂಡುವ ಹೊತ್ತಿಗೆ ಹೊಲಕ್ಕೆ ಹೋದವರು ಇನ್ನೂ ಇರುವ ಊರುಗಳಲ್ಲಿ ಇದನ್ನು ವಿವರಿಸುವ ಕಷ್ಟ ಇಲ್ಲ.

ಸ್ಟ್ಯಾನ್‌ಫರ್ಡ್ ಫಿಲಾಸಫಿ ವಿಶ್ವಕೋಶ 1995ರಿಂದ ಇದೆ, ಪುಕ್ಕಟೆ, ಒಳ್ಳೆಯದು. ಈಗ ಫೋನಿಗೇ ಕೇಳಿದರೂ ಸಾರಾಂಶ ಕೊಡುತ್ತದೆ. ಎರಡನ್ನೂ ಮೀಟಿಂಗ್ ಆದಮೇಲೆ ನೋಡಿ. ಮೊದಲೇ ನೋಡಿ ಬಂದವರು ಸಿಕ್ಕಿಬೀಳುತ್ತಾರೆ, ಪ್ಯಾರಾ 3ರಲ್ಲಿ ಏನಿದೆ ಅಂದರೆ ಗೊತ್ತಿರುವುದಿಲ್ಲ.

ಎಷ್ಟು ಜನ ಇರಬೇಕು ಅಂತ ಕೇಳುತ್ತಾರೆ. ಹತ್ತು ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿ. ನಾಲ್ಕೇ ಜನ ಬಂದರೂ ನಡೆಸಿ, ಮುಂದೂಡಬೇಡಿ, ಒಮ್ಮೆ ಮುಂದೂಡಿದರೆ ಮುಗೀತು. ಇವತ್ತು ಇಲ್ಲಿಂದಲೇ ಶುರು ಮಾಡುವ ಮನಸ್ಸಿದ್ದವರಿಗೆ ಗೆಟಿಯರ್ ಜೆರಾಕ್ಸ್ ಬಾಗಿಲ ಹತ್ತಿರದ ಟೇಬಲ್ ಮೇಲೆ ಇಟ್ಟಿದ್ದೇವೆ, ಮೂರು ಪುಟ, ಪಿನ್ ಹೊಡೆದಿದೆ. ಈಗ ಪ್ರಶ್ನೆ ಕೇಳಿ. ಮೊದಲು ಹಿಂದಿನ ಸಾಲಿನವರು, ಮೇಷ್ಟ್ರುಗಳು ಆಮೇಲೆ.