ಬಿಸಿಲಿಗೆ ಕನ್ನಡಿ ಹಿಡಿದ ಊರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾರ್ವೆಯ ಒಂದು ಹಳ್ಳಿಗಾಡಿನ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ನಾರ್ವೆ ಅಂದ ತಕ್ಷಣ ಎಲ್ರೂ ಸಮುದ್ರ, ಹಡಗು, ಮೀನು ಅಂತ ಶುರು ಮಾಡ್ತಾರೆ, ನಾನು ಹೇಳೋ ಜಾಗಕ್ಕೆ ಸಮುದ್ರಾನೇ ಇಲ್ಲ. ತೆಲೆಮಾರ್ಕ್ ಜಿಲ್ಲೆಯಲ್ಲಿ ಟಿನ್ ಅಂತ ಒಂದು ಪಂಚಾಯ್ತಿ, ಓಸ್ಲೋದಿಂದ ಪಶ್ಚಿಮಕ್ಕೆ ಕಾರಲ್ಲಿ ಹೆಚ್ಚುಕಮ್ಮಿ ಮೂರು ಗಂಟೆ ದಾರಿ. ಜಾಗ 2,000 ಚದರ ಕಿಲೋಮೀಟರಿಗೂ ಮೇಲಿದೆ, ಜನ ನೋಡಿದ್ರೆ 6,000 ಕೂಡ ಇಲ್ಲ, ಉಳಿದಿದ್ದೆಲ್ಲ ಬೆಟ್ಟ, ಕೆರೆ, ಕಾಡು, ಮೇಲ್ಗಡೆ ಹರ್ದಾಂಗರ್‌ವಿದ್ದಾ ಅನ್ನೋ ದೊಡ್ಡ ಬೋಳು ಪ್ರಸ್ಥಭೂಮಿ, ಅಲ್ಲಿ ಇವತ್ತಿಗೂ ಕಾಡು ಹಿಮಸಾರಂಗಗಳ ಹಿಂಡು ಓಡಾಡ್ತವೆ.

ಈ ಟಿನ್ ಒಳಗೆ ಪೂರ್ವ ಪಶ್ಚಿಮ ಉದ್ದಕ್ಕೆ ಒಂದು ಕಣಿವೆ ಇದೆ, ತುಂಬ ಕಿರಿದು, ತುಂಬ ಆಳ. ತಳದಲ್ಲಿ ಮೋನಾ ಅನ್ನೋ ನದಿ, ನದಿ ಪಕ್ಕ ರ್ಯೂಕನ್ ಅನ್ನೋ ಪೇಟೆ, ದಕ್ಷಿಣಕ್ಕೆ ಅಡ್ಡ ನಿಂತಿರೋದು 1883 ಮೀಟರ್ ಎತ್ತರದ ಗೌಸ್ತಾ ಬೆಟ್ಟ. ಆ ಕಡೆ ಚಳಿಗಾಲದಲ್ಲಿ ಸೂರ್ಯ ತುಂಬ ಕೆಳಗೇ ಸಾಗ್ತಾನೆ, ಬೆಟ್ಟಸಾಲು ದಾಟಿ ಮೇಲೆ ಬರೋದೇ ಇಲ್ಲ, ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದ ತನಕ ಪೇಟೆಗೆ ಬಿಸಿಲು ಬೀಳಲ್ಲ. ಕತ್ತಲೆ ಕವಿದಿರತ್ತೆ ಅಂತಲ್ಲ. ತಲೆ ಮೇಲೆ ನೀಲಿ ಆಕಾಶ ಇರತ್ತೆ, ಎದುರು ಗುಡ್ಡದ ನೆತ್ತಿಗೆ ಬಿಸಿಲು ಹೊಡೀತಾ ಇರತ್ತೆ, ನೀವು ನಿಂತಿರೋ ಕಡೆ ಮಾತ್ರ ನೆರಳು. ನನ್ನ ಕೇಳಿದ್ರೆ ಪೂರ್ತಿ ಕತ್ತಲೆಗಿಂತ ಇದೇ ಕಷ್ಟ, ಕಣ್ಣಿಗೆ ಕಾಣ್ತಿರೋದು ಮೈಗೆ ಸಿಗಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ.

ಹಾಗಾದ್ರೆ ಅಂಥ ಕಡೆ ಊರು ಯಾಕ್ರೀ ಕಟ್ಟಿದ್ರು? ಜಲಪಾತದ ಸಲುವಾಗಿ. ಕಣಿವೆಯ ಮೇಲ್ತುದೀಲಿ ನೂರು ಮೀಟರಿಗೂ ಮೇಲಿಂದ ಧುಮುಕೋ ರ್ಯೂಕನ್ ಜಲಪಾತ ಇದೆ. ಇಪ್ಪತ್ತನೇ ಶತಮಾನ ಶುರುವಾಗೋವಾಗ ಕಣಿವೇಲಿ ಇದ್ದಿದ್ದು ಕೆಲವೇ ನೂರು ರೈತರು. ಸಾಮ್ ಐಡೆ ಅಂತ ಒಬ್ಬ ಎಂಜಿನಿಯರು, ಕ್ರಿಸ್ತಿಯಾನ್ ಬಿರ್ಕೆಲಾನ್ ಅಂತ ಒಬ್ಬ ಪ್ರೊಫೆಸರು, ಇಬ್ರೂ ಸೇರಿ ಗಾಳಿಯಿಂದ ಗೊಬ್ಬರ ಮಾಡೋ ದಾರಿ ಕಂಡುಹಿಡಿದ್ರು. ಗಾಳೀನ ವಿದ್ಯುತ್ ಕಿಡಿಯ ದೊಡ್ಡ ಜ್ವಾಲೆಯೊಳಗೆ ಹಾಯಿಸಿದ್ರೆ ಅದರಲ್ಲಿರೋ ನೈಟ್ರೋಜನ್ನು ಆಕ್ಸಿಜನ್ನು ಕೂಡ್ಕೋತವೆ, ಆಮೇಲೆ ನೈಟ್ರಿಕ್ ಆಸಿಡ್ ಮಾಡಿ ಸುಣ್ಣದಕಲ್ಲಿಗೆ ಸೇರಿಸಿದ್ರೆ ಕ್ಯಾಲ್ಸಿಯಂ ನೈಟ್ರೇಟ್. ಹೌದು, ನಮ್ಮ ಟೊಮೆಟೊ, ದ್ರಾಕ್ಷಿ ಬೆಳೆಯೋರು ಡ್ರಿಪ್‌ನಲ್ಲಿ ಬಿಡ್ತಾರಲ್ಲ, ಅದೇ ಮಾಲು. ಇದಕ್ಕೆ ಕರೆಂಟು ಸಿಕ್ಕಾಪಟ್ಟೆ ಬೇಕು, ಅದಕ್ಕೇ ಜಲಪಾತ ಇರೋ ಕಡೆಗೇ ಕಾರ್ಖಾನೆ ಹೋಯ್ತು. 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ತು, 1911ಕ್ಕೆ ವೇಮೊರ್ಕ್ ವಿದ್ಯುತ್ ಸ್ಥಾವರ ಶುರುವಾಯ್ತು, ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡದು. ಆ ಕಂಪನಿಯ ಗೊಬ್ಬರದ ಭಾಗ 2004ರಲ್ಲಿ ಬೇರೆಯಾಗಿ ಯಾರಾ ಅನ್ನೋ ಹೆಸರಲ್ಲಿ ನಡೀತಿದೆ, ಇಂಡಿಯಾದಲ್ಲೂ ವ್ಯಾಪಾರ ಮಾಡತ್ತೆ.

ಕಂಪನಿ ಬರೀ ಕಾರ್ಖಾನೆ ಕಟ್ಟಿ ಸುಮ್ಮನಾಗ್ಲಿಲ್ಲ, ಊರನ್ನೇ ಕಟ್ತು. ಮನೆ, ಸ್ಕೂಲು, ರಸ್ತೆ, ರೈಲು ಎಲ್ಲ ಅವರದ್ದೇ. ಹತ್ತು ಹದಿನೈದು ವರ್ಷದಲ್ಲಿ ಸಾವಿರಾರು ಜನ ಬಂದು ತುಂಬ್ಕೊಂಡ್ರು. ಮೇಲಿನ ಇಳಿಜಾರಿನ ವಿಲ್ಲಾಗಳಲ್ಲಿ ದೊಡ್ಡ ಹುದ್ದೆಯವರು, ಕೆಳಗೆ ಕಾರ್ಮಿಕರ ಸಾಲುಮನೆಗಳು, ಅಂದ್ರೆ ಸಂಬಳ ಜಾಸ್ತಿ ಇದ್ದೋರಿಗೆ ಸ್ವಲ್ಪ ಬಿಸಿಲೂ ಜಾಸ್ತಿ, ಎಲ್ಲಿ ಹೋದ್ರೂ ಇದೇ ಕತೆ ಬಿಡಿ. ಪಕ್ಕದ ನೊಟೊಡ್ಡನ್ ಜೊತೆ ಸೇರಿಸಿ ಈ ಕಾರ್ಖಾನೆ, ಪವರ್‌ಹೌಸು, ರೈಲು, ಕಾರ್ಮಿಕರ ಬಡಾವಣೆ ಎಲ್ಲಾನೂ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಹಾಕಿದ್ರು. ಅರಮನೆ ದೇವಸ್ಥಾನಗಳ ಸಾಲಲ್ಲಿ ಗೊಬ್ಬರದ ಕಾರ್ಖಾನೆಗೂ ಜಾಗ ಸಿಕ್ತಲ್ಲ, ನನಗಂತೂ ಖುಷಿಯಾಯ್ತು.

ಬಿಸಿಲಿನ ವಿಷಯಕ್ಕೆ ಬರೋಣ. ಕಣಿವೆಗೆ ಕನ್ನಡಿಯಿಂದ ಬಿಸಿಲು ಇಳಿಸ್ಬೋದು ಅನ್ನೋ ಐಡಿಯಾ 1913ರಲ್ಲೇ ಅಲ್ಲಿನ ಪೇಪರಲ್ಲಿ ಬಂದಿತ್ತು, ಆದ್ರೆ ಆಗ ಅದಕ್ಕೆ ಬೇಕಾದ ಟೆಕ್ನಾಲಜಿ ಇರ್ಲಿಲ್ಲ. ಬಿಸಿಲನ್ನ ಕೆಳಗೆ ತರಕ್ಕಾಗಲ್ಲ ಅಂದ್ರೆ ಜನಾನೇ ಮೇಲೆ ಕಳ್ಸೋಣ ಅಂತ ಕಂಪನಿ 1928ರಲ್ಲಿ ಊರಿಗೊಂದು ಕೇಬಲ್ ಕಾರ್ ಕೊಡ್ತು, ಹೆಸರು ಕ್ರೊಸ್ಸೊಬಾನನ್. ಒಂದು ಡಬ್ಬಿ ಕೆಂಪು, ಒಂದು ನೀಲಿ, ಎರಡಕ್ಕೂ ಅಲ್ಲಿನ ಕಾಡುಹಣ್ಣುಗಳ ಹೆಸರು. ಕೆಲವೇ ನಿಮಿಷದಲ್ಲಿ ಬಿಸಿಲಿರೋ ಎತ್ತರಕ್ಕೆ ಬಿಡತ್ತೆ, ಇವತ್ತಿಗೂ ಓಡ್ತಿದೆ. ಕನ್ನಡಿ ಕನಸು ನೂರು ವರ್ಷ ಆದ್ಮೇಲೆ, ಅದೂ ಹೊರಗಿಂದ ಬಂದು ಅಲ್ಲಿ ನೆಲೆಸಿದ ಮಾರ್ಟಿನ್ ಆಂಡರ್ಸನ್ ಅನ್ನೋ ಕಲಾವಿದ ಹಟ ಹಿಡಿದಿದ್ದಕ್ಕೆ ನಿಜವಾಯ್ತು. 2013ರ ಅಕ್ಟೋಬರ್‌ನಲ್ಲಿ ಉದ್ಘಾಟನೆ. ಬೆಟ್ಟದ ಮೇಲೆ ಮೂರು ಕನ್ನಡಿ, ಒಂದೊಂದೂ 17 ಚದರ ಮೀಟರ್, ಹೆಲಿಕಾಪ್ಟರಲ್ಲಿ ತಂದು ಕೂರಿಸಿದ್ದು, ಸೂರ್ಯ ಸರಿದ ಹಾಗೆ ಕಂಪ್ಯೂಟರ್ ಅವನ್ನ ತಿರುಗಿಸ್ತಾ ಹೋಗತ್ತೆ, ಪೇಟೆ ಚೌಕದಲ್ಲಿ ಸುಮಾರು 600 ಚದರ ಮೀಟರ್ ಜಾಗಕ್ಕೆ ಬಿಸಿಲು ಬೀಳತ್ತೆ. ಅಷ್ಟೇ, ಒಂದು ಚೌಕ. ಇಷ್ಟಕ್ಕೆ ಇಷ್ಟೊಂದು ದುಡ್ಡು ಸುರೀಬೇಕಿತ್ತಾ, ಸ್ಕೂಲಿಗೆ ಕೊಡಿ ಅಂತ ಊರಲ್ಲಿ ಜಗಳಾನೂ ಆಗಿತ್ತು. ಉದ್ಘಾಟನೆ ದಿನ ನೋಡಿದ್ರೆ ಮಕ್ಕಳಾದಿಯಾಗಿ ಜನ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಆ ಬಿಸಿಲಿಗೆ ಬಂದು ನಿಂತಿದ್ರು.

ರ್ಯೂಕನ್ ಅಂತ ಹುಡುಕಿದ್ರೆ ಮೊದಲು ಸಿಗೋದು ಮಾತ್ರ ಎರಡನೇ ಮಹಾಯುದ್ಧದ ಕತೆ. ವೇಮೊರ್ಕ್‌ನಲ್ಲಿ ಭಾರಜಲ, ಅಂದ್ರೆ ಭಾರವಾದ ಹೈಡ್ರೋಜನ್ ಇರೋ ನೀರು, ತಯಾರಾಗ್ತಿತ್ತು, ಆಗ ನಾರ್ವೇನ ಆಕ್ರಮಿಸ್ಕೊಂಡಿದ್ದ ಜರ್ಮನ್ನರಿಗೆ ಅಣು ಸಂಶೋಧನೆಗೆ ಅದು ಬೇಕಿತ್ತು. 1943ರ ಫೆಬ್ರವರಿ 27ರ ರಾತ್ರಿ ಒಂಬತ್ತು ಜನ ನಾರ್ವೆ ಹುಡುಗರು ಹಿಮದಲ್ಲಿ ಕಣಿವೆ ಇಳಿದು, ನದಿ ದಾಟಿ, ಆ ಕಡೆ ಬಂಡೆ ಹತ್ತಿ, ಕಾರ್ಖಾನೆ ಒಳಗೆ ನುಗ್ಗಿ ಭಾರಜಲದ ಘಟಕಗಳಿಗೆ ಬಾಂಬಿಟ್ಟು, ಒಂದೂ ಗುಂಡು ಹಾರಿಸದೆ ವಾಪಸ್ ಹೋದ್ರು. ಸಾಹಸ, ಮಾತೇ ಇಲ್ಲ. ಆದ್ರೆ ಎಲ್ರೂ ಕತೇನ ಅಲ್ಲಿಗೇ ನಿಲ್ಲಿಸ್ತಾರೆ, ಅದು ನನಗೆ ಸರಿ ಕಾಣಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ವಿಮಾನಗಳು ಬಾಂಬ್ ಹಾಕಿದಾಗ ಊರಿನವರೇ 20ಕ್ಕೂ ಹೆಚ್ಚು ಜನ ಸತ್ರು. ಆಮೇಲೆ ಉಳಿದ ಭಾರಜಲಾನ ಜರ್ಮನಿಗೆ ಸಾಗಿಸಕ್ಕೆ ಹೊರಟ್ರು, ಟಿನ್‌ಶೋ ಅನ್ನೋ ಕೆರೆ ಮೇಲೆ ರೈಲು ಡಬ್ಬಿಗಳನ್ನೇ ಹೊತ್ಕೊಂಡು ಹೋಗೋ ಫೆರಿ ಇತ್ತು, ಆ ಕೆರೆಯ ಆಳ 460 ಮೀಟರ್. 1944ರ ಫೆಬ್ರವರಿ 20, ಭಾನುವಾರ ಬೆಳಿಗ್ಗೆ, ಜನ ಕಮ್ಮಿ ಇರ್ತಾರೆ ಅಂತಾನೇ ಆ ದಿನ ಆರಿಸ್ಕೊಂಡಿದ್ದು, ನಾರ್ವೆಯವರೇ ಫೆರಿಯಲ್ಲಿ ಬಚ್ಚಿಟ್ಟಿದ್ದ ಬಾಂಬ್ ನಡು ಕೆರೇಲಿ ಸಿಡೀತು. 18 ಜನ ಸತ್ರು, ಅದ್ರಲ್ಲಿ 14 ಜನ ನಾರ್ವೆಯವರೇ. ದಡದ ರೈತರು ದೋಣಿ ಹಾಕ್ಕೊಂಡು ಹೋಗಿ ಉಳಿದವರನ್ನ ಎತ್ಕೊಂಡು ಬಂದ್ರು. ಬಾಂಬ್ ಇಟ್ಟೋರೂ ನಮ್ಮವರು, ಮುಳುಗಿದೋರೂ ನಮ್ಮವರು ಅಂದ್ರೆ ಒಂದು ಸಣ್ಣ ಊರು ಅದನ್ನ ಹೇಗೆ ನುಂಗ್ಕೊಳ್ಳತ್ತೆ ಹೇಳಿ. ಆ ರೈಲು 1991ರಲ್ಲಿ ನಿಂತೋಯ್ತು, ಅಷ್ಟೊತ್ತಿಗೆ ಗೊಬ್ಬರದ ಕೆಲಸವೂ ಮುಗೀತಾ ಬಂದಿತ್ತು. ವೇಮೊರ್ಕ್ ಈಗ ಕಾರ್ಮಿಕರ ಮ್ಯೂಸಿಯಂ.

ಟಿನ್ ಅಂದ್ರೆ ರ್ಯೂಕನ್ ಒಂದೇ ಅಲ್ಲ. ಕೆರೆಯ ಉತ್ತರದ ಕಡೆ ಔಸ್ತ್‌ಬಿಗ್ದೆ, ಆತ್ರೋ ಅಂತ ಹಳೇ ಬೇಸಾಯದ ಊರುಗಳಿವೆ, ಅಲ್ಲಿ ಬಿಸಿಲಿಗೆ ಕನ್ನಡಿ ಬೇಕಿಲ್ಲ. ಕ್ನೂಟ್ ದಾಲೆ ಅಂತ ಟಿನ್‌ನ ಪಿಟೀಲುಗಾರ ಇದ್ದ, ನುಡಿಸ್ತಿದ್ದಿದ್ದು ಹರ್ದಾಂಗರ್ ಪಿಟೀಲು, ನುಡಿಸೋ ತಂತಿಗಳ ಕೆಳಗೆ ಸಿತಾರ್‌ನ ತರಬ್ ತಂತಿ ಥರಾನೇ ಇನ್ನೊಂದು ಸಾಲು ಇದ್ದು ತಾನಾಗೇ ಮಿಡೀತಿರತ್ತೆ. ವಯಸ್ಸಾಗ್ತಾ ಬಂತು, ಈ ಹಳೇ ಕುಣಿತದ ಮಟ್ಟುಗಳು ನನ್ನ ಜೊತೇಲೇ ಹೋಗ್ಬಾರ್ದು ಅಂತ ದಾಲೆ ತಾನೇ ಸಂಗೀತಗಾರ ಗ್ರೀಗ್‌ಗೆ ಕಾಗದ ಬರೆದ. ಗ್ರೀಗ್ ಏರ್ಪಾಡು ಮಾಡಿ 1901ರಲ್ಲಿ ಹಾಲ್ವೋರ್ಸನ್ ಅನ್ನೋರ ಕೈಲಿ ಅದನ್ನೆಲ್ಲ ಸ್ವರ ಹಾಕಿ ಬರೆಸಿ, ಪಿಯಾನೋಗೆ ಅಳವಡಿಸಿದ, ಹಾಗಾಗಿ ಉಳೀತು.

ಇಲ್ಲಿಂದ ಅಮೆರಿಕಕ್ಕೆ ವಲಸೆ ಹೋದೋರೂ ಬಹಳ. 1827ರಲ್ಲಿ ಟಿನ್‌ನಲ್ಲಿ ಹುಟ್ಟಿದ ಒಬ್ಬ ಹುಡುಗ ಹತ್ತನೇ ವಯಸ್ಸಿಗೆ ಹಡಗು ಹತ್ತಿ ಹೋದ, ಮುಂದೆ ಸ್ನೋಶೂ ಥಾಂಪ್ಸನ್ ಅಂತ ಹೆಸರಾದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟ ಚಳಿಗಾಲದಲ್ಲಿ ಹಿಮ ತುಂಬಿ ದಾರಿ ಮುಚ್ಚೋದು, ಟಪಾಲು ನಿಲ್ಲೋದು. ಈತ 1856ರಿಂದ, ಊರಲ್ಲಿ ಚಿಕ್ಕಂದಿನಲ್ಲಿ ನೋಡಿದ ಹಾಗೇ ಮರದಲ್ಲಿ ಸ್ಕೀ ಮಾಡ್ಕೊಂಡು, ಬೆನ್ನಿಗೆ ಟಪಾಲಿನ ಚೀಲ ಕಟ್ಟಿ, ಕೈಲಿ ಒಂದೇ ಒಂದು ಕೋಲು ಹಿಡಿದು ಆ ಬೆಟ್ಟ ದಾಟೋನು. ಹೋಗಕ್ಕೆ ಮೂರು ದಿನ, ಬರಕ್ಕೆ ಎರಡು ದಿನ, ಹೀಗೆ ಇಪ್ಪತ್ತು ಚಳಿಗಾಲ. ಕೊಡಬೇಕಾದ ಸಂಬಳ ಕೊಡಿ ಅಂತ ವಾಷಿಂಗ್ಟನ್ ತನಕ ಹೋಗಿ ಕೇಳ್ದ. 1876ರಲ್ಲಿ ತೀರ್ಕೊಂಡ, ಸರ್ಕಾರ ಕೊನೆಗೂ ಆ ದುಡ್ಡು ಕೊಡ್ಲಿಲ್ಲ. ನಮಸ್ಕಾರ.