ಬೇಡವೆಂದವರ ಕೈಗೆ ಬಂದ ಮತ: ಭೂತಾನದ 2008

ಕೇಳುಗರಿಗೆ ನಮಸ್ಕಾರ.

2007ರ ಏಪ್ರಿಲ್ 21ರಂದು ಭೂತಾನದಲ್ಲಿ ಒಂದು ಚುನಾವಣೆ ನಡೆಯಿತು. ಕಣದಲ್ಲಿ ನಾಲ್ಕು ಪಕ್ಷಗಳಿದ್ದವು. ನಾಲ್ಕೂ ಸುಳ್ಳು ಪಕ್ಷಗಳು. ಒಂದು ಹಳದಿ, ಒಂದು ನೀಲಿ, ಒಂದು ಹಸಿರು, ಇನ್ನೊಂದು ಕೆಂಪು. ನೀಲಿ ಪಕ್ಷ ಭ್ರಷ್ಟಾಚಾರವಿಲ್ಲದ ಆಡಳಿತದ ಮಾತಾಡಿತು, ಹಸಿರು ಪಕ್ಷ ಪರಿಸರದ ಮಾತಾಡಿತು, ಕೆಂಪು ಪಕ್ಷ ಕೈಗಾರಿಕೆಯ ಆಸೆ ತೋರಿಸಿತು. ಹಳದಿ ಪಕ್ಷದ ಪ್ರಣಾಳಿಕೆ ಬಲು ಸರಳ: ನಮ್ಮ ಸಂಪ್ರದಾಯವನ್ನು ಉಳಿಸಿಕೊಳ್ಳೋಣ. ಮತ ಹಾಕುವುದು ಹೇಗೆಂದು ಜನರಿಗೆ ಕಲಿಸಲು ಚುನಾವಣಾ ಆಯೋಗವೇ ಏರ್ಪಡಿಸಿದ ತಾಲೀಮು ಅದು. ಮೇ ತಿಂಗಳಲ್ಲಿ ನಡೆದ ಎರಡನೇ ಸುತ್ತಿನಲ್ಲಿ ಶಾಲೆಯ ಹುಡುಗ ಹುಡುಗಿಯರೇ ಅಭ್ಯರ್ಥಿಗಳಾಗಿ ನಿಂತರು. ಫಲಿತಾಂಶ ಬಂದಾಗ 47 ಸ್ಥಾನಗಳಲ್ಲಿ 46 ಹಳದಿ ಪಕ್ಷದ ಪಾಲಾಗಿದ್ದವು. ಭೂತಾನದಲ್ಲಿ ಹಳದಿ ಎಂದರೆ ಅರಸರ ಬಣ್ಣ. ಪ್ರಜಾಪ್ರಭುತ್ವದ ತಾಲೀಮಿನಲ್ಲಿ ಜನ ಅರಸರಿಗೇ ಮತ ಹಾಕಿ ಮನೆಗೆ ಹೋದರು!

ಇವತ್ತಿನ ಮಾತು ಇದರ ಮರುವರ್ಷದ್ದು, 2008ರದ್ದು. ಒಂದೇ ವರ್ಷದಲ್ಲಿ ಆ ಪುಟ್ಟ ದೇಶ ಮೊದಲ ಸಾರ್ವತ್ರಿಕ ಚುನಾವಣೆ, ಮೊದಲ ಸಂಸತ್ತು, ಮೊದಲ ಲಿಖಿತ ಸಂವಿಧಾನ, ಐದನೆಯ ಅರಸನ ಪಟ್ಟಾಭಿಷೇಕ ಇಷ್ಟನ್ನೂ ಕಂಡಿತು. ದೇಶ ಪುಟ್ಟದೆಂದರೆ ಎಷ್ಟು ಪುಟ್ಟದು? 2005ರ ಜನಗಣತಿಯ ಪ್ರಕಾರ ಅಲ್ಲಿ ನೆಲೆಸಿದ್ದವರು ಸುಮಾರು 6 ಲಕ್ಷ 35 ಸಾವಿರ ಮಂದಿ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆಗಿಂತ ತುಸು ಹೆಚ್ಚು, ಅಷ್ಟೇ.

ಈ ಎಲ್ಲದರ ಮೂಲಪುರುಷ ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್ಚುಕ್. ಸಂವಿಧಾನ ಬರೆಯಲು 2001ರಲ್ಲಿ ಮುಖ್ಯ ನ್ಯಾಯಮೂರ್ತಿ ಸೋನಂ ತೋಬ್ಗ್ಯೆ ಅವರ ನೇತೃತ್ವದಲ್ಲಿ 39 ಜನರ ಸಮಿತಿಯನ್ನು ನೇಮಿಸಿದವರು ಅವರೇ. ಕರಡು ಸಿದ್ಧವಾದ ಮೇಲೆ ಅರಸರೂ ಯುವರಾಜರೂ ಜಿಲ್ಲೆ ಜಿಲ್ಲೆಗೆ ಹೋಗಿ ಅದನ್ನು ಜನರ ಮುಂದಿಟ್ಟರು. ಹೋದಲ್ಲೆಲ್ಲ ಜನ ಬೇಡವೆಂದರು. ನೀವೇ ಚೆನ್ನಾಗಿ ಆಳುತ್ತಿದ್ದೀರಿ, ಈ ಪಕ್ಷ, ಈ ಜಗಳ ನಮಗೇಕೆ ಎಂಬುದು ಅವರ ಅಳಲು. ಅರಸರ ಉತ್ತರವೂ ಗಟ್ಟಿಯಾಗಿಯೇ ಇತ್ತು. ಅರಸನಾಗುವವನು ಯೋಗ್ಯತೆಯಿಂದ ಆಗುವುದಿಲ್ಲ, ಹುಟ್ಟಿನಿಂದ ಆಗುತ್ತಾನೆ. ಮುಂದೊಂದು ದಿನ ಅಯೋಗ್ಯನೊಬ್ಬ ಹುಟ್ಟಿ ಬಂದರೆ ದೇಶದ ಗತಿ ಏನು ಎಂಬುದು ಅವರ ವಾದದ ತಿರುಳು. ಅರಸೊತ್ತಿಗೆಯ ವಿರುದ್ಧ ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ಕ್ರಾಂತಿಕಾರಿಯೂ ಮಾಡಲಾರ. 2005ರ ಡಿಸೆಂಬರಿನಲ್ಲಿ, ತಾವು 2008ರಲ್ಲಿ ಪಟ್ಟ ಬಿಟ್ಟುಕೊಡುವುದಾಗಿಯೂ ಆ ವರ್ಷವೇ ಚುನಾವಣೆ ನಡೆಯುವುದಾಗಿಯೂ ಅವರು ಘೋಷಿಸಿದರು. ಘೋಷಿಸಿದವರು ಅಷ್ಟು ದಿನ ಕಾಯಲೂ ಇಲ್ಲ. ಮರು ಡಿಸೆಂಬರಿನಲ್ಲೇ, ಐವತ್ತೊಂದರ ಹರೆಯದಲ್ಲಿ, ಮಗನ ಕೈಗೆ ಅಧಿಕಾರ ಕೊಟ್ಟು ಪಕ್ಕಕ್ಕೆ ಸರಿದರು.

ಚುನಾವಣೆಯ ಕಥೆಗೆ ಬರೋಣ. ಮೇಲ್ಮನೆಯಾದ ರಾಷ್ಟ್ರೀಯ ಮಂಡಳಿಗೆ 2007ರ ಕೊನೆಯ ದಿನ ಹದಿನೈದು ಜಿಲ್ಲೆಗಳಲ್ಲಿ, ಉಳಿದ ಐದರಲ್ಲಿ 2008ರ ಜನವರಿ 29ರಂದು ಮತದಾನವಾಯಿತು. ಇಲ್ಲಿ ಪಕ್ಷಗಳಿಗೆ ಪ್ರವೇಶವಿಲ್ಲ. ನಿಜವಾದ ಕುತೂಹಲವಿದ್ದದ್ದು ಮಾರ್ಚ್ 24ರ ಮತದಾನದ ಬಗ್ಗೆ, 47 ಸ್ಥಾನಗಳ ಕೆಳಮನೆಯಾದ ರಾಷ್ಟ್ರೀಯ ಸಭೆಯ ಬಗ್ಗೆ. ಸ್ಪರ್ಧೆಯಲ್ಲಿದ್ದದ್ದು ಎರಡೇ ಪಕ್ಷ. ಜಿಗ್ಮಿ ಥಿನ್ಲೆ ಅವರ ದ್ರುಕ್ ಫುಯೆನ್ಸುಮ್ ಶೋಗ್ಪಾ, ಅದರ ಚಿಹ್ನೆ ಮೂರು ಕೊಕ್ಕರೆಗಳು. ಸಂಗೇ ನ್ಗೆಡುಪ್ ಅವರ ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ, ಅದರ ಚಿಹ್ನೆ ಬಿಳಿ ಕುದುರೆ. ನಾಯಕರಿಬ್ಬರೂ ಅರಸರ ಕಾಲದಲ್ಲಿ ತಲಾ ಎರಡು ಬಾರಿ ಪ್ರಧಾನಿಯಾಗಿದ್ದವರು. ನ್ಗೆಡುಪ್ ಅವರಂತೂ ಹೊಸ ಅರಸನ ಸ್ವಂತ ಸೋದರಮಾವ. ಎರಡು ಪಕ್ಷಗಳ ಪ್ರಣಾಳಿಕೆಯಲ್ಲಿ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕಿತ್ತು. ಎರಡೂ ಅರಸರ ದಾರಿಯಲ್ಲೇ ನಡೆಯುತ್ತೇವೆ ಎನ್ನುತ್ತಿದ್ದವು.

ನಿಯಮಗಳೂ ವಿಚಿತ್ರವಾಗಿದ್ದವು. ಅಭ್ಯರ್ಥಿ ಪದವೀಧರನಾಗಿರಲೇಬೇಕು. ಹತ್ತರಲ್ಲಿ ನಾಲ್ವರಿಗೆ ಅಕ್ಷರ ಬಾರದ ದೇಶದಲ್ಲಿ ಇಂಥದೊಂದು ಷರತ್ತು ಹಾಕಿದರೆ ಸಂಸತ್ತಿಗೆ ಬರುವವರು ಯಾರು? ಬಹುಪಾಲು ಅಧಿಕಾರಿ ವರ್ಗದವರೇ. ರೈತರು ಮತ ಹಾಕಬಹುದು, ಮತ ಕೇಳುವಂತಿಲ್ಲ. ನನಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಇನ್ನು ಬೌದ್ಧ ಭಿಕ್ಷುಗಳು ಮತವನ್ನೇ ಹಾಕುವಂತಿಲ್ಲ, ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಎಂಬ ಕಾರಣಕ್ಕೆ. ಮತಯಂತ್ರಗಳು ಹೋದದ್ದು ಭಾರತದಿಂದ. ಅಂಥ ಯಂತ್ರಗಳನ್ನು ನಮ್ಮಲ್ಲಿ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು.

ಹೆಸರು ನೋಂದಣಿಯಾದ ಊರಿನಲ್ಲೇ ಮತ ಹಾಕಬೇಕಿತ್ತು. ಹೀಗಾಗಿ ಮತದಾನದ ಹಿಂದಿನ ದಿನಗಳಲ್ಲಿ ರಾಜಧಾನಿ ಥಿಂಪುವಿನಿಂದ ಬಸ್ಸುಗಳು ತುಂಬಿ ತುಳುಕಿ ಹಳ್ಳಿಗಳ ಕಡೆ ಹೊರಟವು. ಅರವತ್ತೈದು ವಯಸ್ಸಿನ ಹೆಂಗಸೊಬ್ಬರ ಸುದ್ದಿಯನ್ನು ಆಗಿನ ಪತ್ರಿಕೆಗಳು ಬರೆದಿದ್ದವು. ಅವರಿಗೆ ವಾಹನ ಹತ್ತಿದರೆ ತಲೆಸುತ್ತು. ಆದ್ದರಿಂದ ಅವರು ಪೂರ್ವದ ತಮ್ಮ ಊರಿಗೆ ಸುಮಾರು 600 ಕಿಲೋಮೀಟರ್ ದೂರವನ್ನು ಹದಿನಾಲ್ಕು ದಿನ ನಡೆದು ಹೋಗಿ ಮತ ಹಾಕಿದರಂತೆ. ಪ್ರಜಾಪ್ರಭುತ್ವ ಬೇಡವೆನ್ನುತ್ತಿದ್ದ ಜನರೇ ಇವರು! ಮತದಾನ ಶೇಕಡಾ 79 ದಾಟಿತು. ಅರಸರು ಮತ ಹಾಕಿ ಎಂದಿದ್ದರು, ಹಾಕಿದರು. ವಿಧೇಯತೆಯಿಂದ ಶುರುವಾದ ಪ್ರಜಾಪ್ರಭುತ್ವವಿದು.

ಫಲಿತಾಂಶ ಮಾತ್ರ ಯಾರೂ ಎಣಿಸದಂಥದ್ದು. ಥಿನ್ಲೆ ಅವರ ಪಕ್ಷಕ್ಕೆ 45, ಸೋದರಮಾವನ ಪಕ್ಷಕ್ಕೆ ಎರಡು. ಸೋದರಮಾವ ತಮ್ಮ ಕ್ಷೇತ್ರದಲ್ಲೇ ಸೋತರು. ವಿಶೇಷವೆಂದರೆ, ಮೂರರಲ್ಲಿ ಒಂದು ಪಾಲು ಮತ ಪಡೆದ ಪಕ್ಷಕ್ಕೆ ಸಿಕ್ಕಿದ್ದು ಎರಡೇ ಕುರ್ಚಿ. ಒಂದು ಮತ ಹೆಚ್ಚು ಪಡೆದವನೇ ಕ್ಷೇತ್ರ ಗೆಲ್ಲುವ ಪದ್ಧತಿಯ ಕರಾಮತ್ತು ಇದು; ನಮಗಂತೂ ಹಳೆಯ ಪರಿಚಯ. ಆ ಇಬ್ಬರಲ್ಲಿ ಒಬ್ಬರು ಹಾ ಜಿಲ್ಲೆಯ ಶೆರಿಂಗ್ ತೋಬ್ಗೆ. ವಿರೋಧ ಪಕ್ಷದ ನಾಯಕ ಅವರು, ಅವರ ಹಿಂದೆ ಕೂರಲು ಇದ್ದ ಇಡೀ ಪಡೆ ಇನ್ನೊಬ್ಬ ಸದಸ್ಯ.

ಮೇ 8ರಂದು ಸಂಸತ್ತು ಮೊದಲ ಬಾರಿಗೆ ಸೇರಿತು. ಅದೇ ಮೇ 28ರಂದು ನೆರೆಯ ನೇಪಾಳದಲ್ಲಿ ಸಂವಿಧಾನ ಸಭೆ ಅರಸೊತ್ತಿಗೆಯನ್ನೇ ರದ್ದು ಮಾಡಿ ಗಣರಾಜ್ಯ ಘೋಷಿಸಿತು. ಇಪ್ಪತ್ತು ದಿನಗಳ ಅಂತರದಲ್ಲಿ ಹಿಮಾಲಯದ ಎರಡು ರಾಜಮನೆತನಗಳು ಎರಡು ದಾರಿ ಹಿಡಿದವು. ಒಂದು ಕೊಟ್ಟು ಉಳಿಯಿತು, ಇನ್ನೊಂದು ಬಿಗಿಹಿಡಿದು ಕಳೆದುಕೊಂಡಿತು. ಭೂತಾನದ ನಾಲ್ಕನೆಯ ಅರಸ ದೂರದೃಷ್ಟಿಯುಳ್ಳವರು ಎನ್ನುವವರಿದ್ದಾರೆ, ಜಾಣ ಎನ್ನುವವರೂ ಇದ್ದಾರೆ. ಎರಡೂ ಇರಬಹುದಲ್ಲ?

ಈ ಎರಡು ಘಟನೆಗಳ ನಡುವೆ, ಮೇ 17ರಂದು, ಹೊಸ ಸಂಸತ್ತನ್ನು ಉದ್ದೇಶಿಸಿ ಮಾತಾಡಿದವರು ನಮ್ಮ ಪ್ರಧಾನಿ ಮನಮೋಹನ್ ಸಿಂಗ್. 1020 ಮೆಗಾವಾಟ್ ಸಾಮರ್ಥ್ಯದ ತಾಲಾ ಜಲವಿದ್ಯುತ್ ಯೋಜನೆಯನ್ನು ಅವರು ಲೋಕಾರ್ಪಣೆ ಮಾಡಿದರು, ಐದು ವರ್ಷಗಳಿಗೆ 10,000 ಕೋಟಿ ರೂಪಾಯಿಗಳ ನೆರವಿನ ಭರವಸೆ ಕೊಟ್ಟರು. ನೆಹರೂ 1958ರಲ್ಲಿ ಪರ್ವತದ ದಾರಿ ಸವೆಸಿ ಪಾರೋ ಕಣಿವೆಗೆ ಹೋಗಿದ್ದರಲ್ಲ, ಅದಕ್ಕೆ ಐವತ್ತು ವರ್ಷ ತುಂಬಿದ ನೆನಪಿಗೆ ಪಶ್ಚಿಮ ಬಂಗಾಳದ ಹಾಸಿಮಾರಾದಿಂದ ಗಡಿಯ ಫುಂಟ್‌ಶೋಲಿಂಗ್‌ವರೆಗೆ ರೈಲು ಮಾರ್ಗವನ್ನೂ ಘೋಷಿಸಿದರು. ಆ ರೈಲು ಇನ್ನೂ ಹೊರಟಿಲ್ಲ.

1958 ಎಂಬ ಇಸವಿ ಭೂತಾನದ ಇನ್ನೊಂದು ಕಥೆಯಲ್ಲೂ ಬರುತ್ತದೆ. ಆ ಕಥೆಯನ್ನು ಸಂಭ್ರಮದ ವರ್ಷದಲ್ಲಿ ಹೇಳುವವರು ಕಡಿಮೆ. ನಾನು ಹೇಳದೆ ಮುಂದೆ ಹೋಗಲಾರೆ. ದಕ್ಷಿಣದ ತಪ್ಪಲಿನಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ನೇಪಾಳಿ ಮಾತಿನ ಜನರಿದ್ದರು. ಅವರನ್ನು ಲೋತ್ಸಾಂಪಾ ಎನ್ನುತ್ತಾರೆ. 1985ರ ಪೌರತ್ವ ಕಾಯ್ದೆ, ನೀವು 1958ರಲ್ಲೇ ಇಲ್ಲಿದ್ದಿರೆಂದು ತೋರಿಸಿ ಎಂದಿತು. 1988ರ ಗಣತಿಯಲ್ಲಿ ಅಧಿಕಾರಿಗಳು ಅದೇ ವರ್ಷದ ಕಂದಾಯದ ರಶೀದಿ ಕೇಳಿದರು. ಮೂವತ್ತು ವರ್ಷ ಹಳೆಯ ರಶೀದಿಯನ್ನು ಯಾವ ರೈತ ಇಟ್ಟುಕೊಂಡಿರುತ್ತಾನೆ? ರಾಷ್ಟ್ರೀಯ ಉಡುಪು ಕಡ್ಡಾಯವಾಯಿತು, ಶಾಲೆಗಳಿಂದ ನೇಪಾಳಿ ಹೊರಬಿತ್ತು. ಪ್ರತಿಭಟನೆ, ಬಂಧನ, ಹಿಂಸೆ ಎಲ್ಲವೂ ನಡೆದು, 1990ರ ದಶಕದ ಆರಂಭದಿಂದ ಲಕ್ಷದಷ್ಟು ಜನ ಪೂರ್ವ ನೇಪಾಳದ ಏಳು ಶಿಬಿರಗಳಿಗೆ ಬಂದು ಬಿದ್ದರು. ಮತ ಕೊಟ್ಟ ಅರಸರ ಆಳ್ವಿಕೆಯಲ್ಲೇ ಇದೂ ನಡೆದದ್ದು.

2008ರ ಮಾರ್ಚ್ ಆರಂಭದಲ್ಲಿ ಆ ಶಿಬಿರಗಳಲ್ಲಿ ಒಂದಾದ ಗೋಲ್ಡಹಾಪ್ ಬೆಂಕಿಗೆ ಆಹುತಿಯಾಗಿ ಸಾವಿರಾರು ಜನ ಬಯಲಿಗೆ ಬಿದ್ದರು. ಅದೇ ತಿಂಗಳು, ಅತ್ತ ಥಿಂಪುವಿನಲ್ಲಿ ಮತಯಂತ್ರಗಳು ಸಿದ್ಧವಾಗುತ್ತಿದ್ದಾಗ, ಇತ್ತ ಶಿಬಿರದ ಮೊದಲ ಕುಟುಂಬಗಳು ಅಮೆರಿಕ, ನ್ಯೂಜಿಲೆಂಡ್‌ಗಳಿಗೆ ವಿಮಾನ ಹತ್ತಿದವು. ಮುಂದಿನ ವರ್ಷಗಳಲ್ಲಿ ಹಾಗೆ ಹೋದವರ ಸಂಖ್ಯೆ ಒಂದು ಲಕ್ಷ ದಾಟಿತು, ಹೆಚ್ಚಿನವರು ಸೇರಿದ್ದು ಅಮೆರಿಕವನ್ನು. ದೇಶದೊಳಗೆ ಉಳಿದ ಲೋತ್ಸಾಂಪಾಗಳಲ್ಲಿ ಕೆಲವರು ಆ ಮೊದಲ ಸಂಸತ್ತಿಗೆ ಆರಿಸಿ ಬಂದರು ಎಂಬುದೂ ನಿಜ. ಆದರೆ 79 ಶೇಕಡಾ ಎಂಬ ಹೆಮ್ಮೆಯ ಅಂಕಿಯನ್ನು ಓದುವಾಗಲೆಲ್ಲ, ಯಾರನ್ನು ಎಣಿಸಿ ಈ ಶೇಕಡಾವಾರು ಎಂದು ಕೇಳಿಕೊಳ್ಳುವ ಅಭ್ಯಾಸ ನನಗಿದೆ.

ಜುಲೈ 18ರಂದು ಥಿಂಪುವಿನ ತಾಶಿಛೋ ಕೋಟೆಯಲ್ಲಿ ಅರಸರೂ ಸಂಸದರೂ ಸಂವಿಧಾನಕ್ಕೆ ಸಹಿ ಹಾಕಿದರು. 35 ಅನುಚ್ಛೇದಗಳ, ಓದಿಸಿಕೊಂಡು ಹೋಗುವ ಪುಟ್ಟ ದಾಖಲೆ. ಇದರಲ್ಲಿ ಕನ್ನಡ ನಾಡಿನ ನಂಟೊಂದಿದೆ. ಕರಡು ಸಮಿತಿಗೆ ಸಲಹೆಗಾರರಾಗಿದ್ದವರು ಹಿರಿಯ ವಕೀಲ ಕೆ.ಕೆ. ವೇಣುಗೋಪಾಲ್, ಮುಂದೆ ಭಾರತದ ಅಟಾರ್ನಿ ಜನರಲ್ ಆದವರು. ಅವರು ಬೆಳೆದದ್ದು ಮಂಗಳೂರಿನಲ್ಲಿ, ಕಾನೂನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ, ವಕೀಲಿಗೆ ಹೆಸರು ನೋಂದಾಯಿಸಿದ್ದು 1954ರಲ್ಲಿ ಆಗಿನ ಮೈಸೂರಿನಲ್ಲಿ.

ಆ ಸಂವಿಧಾನದಲ್ಲಿ ನನಗೆ ಬಹಳ ಹಿಡಿಸಿದ ಮಾತು, ದೇಶದ ಏಳಿಗೆಯನ್ನು ಬರೀ ಹಣದಿಂದಲ್ಲ, ಜನರ ನೆಮ್ಮದಿಯಿಂದ ಅಳೆಯಬೇಕೆನ್ನುವ ಒಟ್ಟು ರಾಷ್ಟ್ರೀಯ ಸಂತೋಷದ್ದಲ್ಲ. ಆ ಪದಪುಂಜವನ್ನು ಜಗತ್ತು ಜಗಿದು ಜಗಿದು ಸಪ್ಪೆ ಮಾಡಿದೆ. ಹಿಡಿಸಿದ್ದು ಕಾಡಿನ ಮಾತು: ದೇಶದ ನೆಲದಲ್ಲಿ ಕನಿಷ್ಠ ಶೇಕಡಾ 60 ಭಾಗ ಎಂದೆಂದಿಗೂ ಅರಣ್ಯವಾಗಿಯೇ ಇರಬೇಕು. ಪಶ್ಚಿಮ ಘಟ್ಟದ ಹೆಸರೆತ್ತಿದರೆ ಎಲ್ಲ ಪಕ್ಷಗಳೂ ಬೆವರುವ ನಾಡಿನವರಾದ ನಾವು ಇದನ್ನು ಎರಡು ಸಲ ಓದಬೇಕು. ಇನ್ನೊಂದು ಮಾತು ಅರಸನಿಗೆ ಸಂಬಂಧಿಸಿದ್ದು. ಅರಸ 65 ತುಂಬಿದೊಡನೆ ನಿವೃತ್ತನಾಗಬೇಕು. ಸಂವಿಧಾನವನ್ನು ಬೇಕೆಂದೇ ಮುರಿದರೆ ಸಂಸತ್ತು ನಿರ್ಣಯ ತೆಗೆದುಕೊಂಡು, ಜನಮತಗಣನೆ ನಡೆಸಿ ಅವನನ್ನು ಇಳಿಸಬಹುದು. ತನ್ನನ್ನು ಇಳಿಸುವ ಏಣಿಯನ್ನು ತಾನೇ ಮಾಡಿಸಿಟ್ಟ ಅರಸುಮನೆತನ ಬೇರೆಲ್ಲಿದೆ?

ನವೆಂಬರ್ 6ರ ಪಟ್ಟಾಭಿಷೇಕದ ವೈಭವವನ್ನು ಬೇರೆಯವರು ಸಾಕಷ್ಟು ವರ್ಣಿಸಿದ್ದಾರೆ. 2007 ಅಶುಭ ವರ್ಷವೆಂದು ಜ್ಯೋತಿಷಿಗಳು ಹೇಳಿದ್ದರಿಂದ ಎರಡು ವರ್ಷ ಪಟ್ಟವಿಲ್ಲದೆ ಆಳಿದ್ದ ಜಿಗ್ಮೆ ಖೇಸರ್ ನಾಮ್ಗ್ಯೆಲ್ ವಾಂಗ್ಚುಕ್‌ಗೆ ತಂದೆಯೇ ಕಾಗೆಯ ತಲೆಯ ಆಕೃತಿಯುಳ್ಳ ಕಿರೀಟ ತೊಡಿಸಿದರು. ಹೊಸ ಅರಸನಿಗೆ ಆಗ ಇಪ್ಪತ್ತೆಂಟು. ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಹಾಜರಿದ್ದರು. ಮರುದಿನ ಕ್ರೀಡಾಂಗಣದಲ್ಲಿ ನೆರೆದ ಜನರೆದುರು ಯುವ ಅರಸ, ನಾನು ಅರಸನಾಗಿ ನಿಮ್ಮನ್ನು ಆಳುವುದಿಲ್ಲ, ತಂದೆಯಂತೆ ಕಾಯುತ್ತೇನೆ, ಸೋದರನಂತೆ ನೋಡಿಕೊಳ್ಳುತ್ತೇನೆ, ಮಗನಂತೆ ಸೇವೆ ಮಾಡುತ್ತೇನೆ ಎಂಬರ್ಥದ ಮಾತಾಡಿದರು. ಅಂದರೆ ಆಳುವ ಕೆಲಸ ಸಂಸತ್ತಿಗೆ, ಪ್ರೀತಿ ಅರಸನಿಗೆ! ಅದೃಷ್ಟವಂತ ಅರಸ.

ಆದರೆ ಆ ವಿಧೇಯ ಮತದಾರರು ಮುಂದೇನು ಮಾಡಿದರು ಎಂಬುದನ್ನು ಹೇಳಿಬಿಡುತ್ತೇನೆ. 2013ರಲ್ಲಿ ಅವರು 45 ಸ್ಥಾನ ಕೊಟ್ಟಿದ್ದ ಪಕ್ಷವನ್ನು 15ಕ್ಕೆ ಇಳಿಸಿದರು. ಇಬ್ಬರ ವಿರೋಧ ಪಕ್ಷದ ನಾಯಕ ತೋಬ್ಗೆ ಪ್ರಧಾನಿಯಾದರು. ಅಲ್ಲಿ ಮೊದಲ ಸುತ್ತಿನಲ್ಲಿ ಮುಂದಿರುವ ಎರಡು ಪಕ್ಷಗಳಷ್ಟೇ ಅಂತಿಮ ಸುತ್ತಿಗೆ ಹೋಗುತ್ತವೆ; 2018ರಲ್ಲಿ ತೋಬ್ಗೆ ಅವರ ಪಕ್ಷವನ್ನು ಮೊದಲ ಸುತ್ತಿನಲ್ಲೇ ಹೊರಗೆ ಹಾಕಿ, ಹೊಸ ಪಕ್ಷವೊಂದನ್ನು ತಂದರು. ಮುಂದಿನ ಚುನಾವಣೆಯ ಮೊದಲ ಸುತ್ತಿನಲ್ಲಿ ಆ ಹೊಸ ಪಕ್ಷಕ್ಕೂ ಅದೇ ಗತಿ ಕಾಣಿಸಿ, 2024ರ ಜನವರಿಯಲ್ಲಿ ತೋಬ್ಗೆ ಅವರನ್ನೇ ಮತ್ತೆ ಕರೆತಂದರು. 2008ರಿಂದ ಇಲ್ಲಿಯವರೆಗೆ ಯಾವ ಸರ್ಕಾರವನ್ನೂ ಅವರು ಸತತವಾಗಿ ಎರಡನೇ ಸಲ ಗೆಲ್ಲಿಸಿಲ್ಲ.

ನಮಸ್ಕಾರ.