ನೀಟ್ ಅಂಕದಿಂದ ವೈದ್ಯಕೀಯ ಸೀಟಿನವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಫಲಿತಾಂಶ ಹೊರಬಿದ್ದ ದಿನದಿಂದ ಕೊಡಗಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ ಕೇಳಿಬರುತ್ತದೆ: ಮಗುವಿಗೆ ಬಂದಿರುವ ಈ ಅಂಕಕ್ಕೆ ಎಂಬಿಬಿಎಸ್ ಸೀಟು ಸಿಕ್ಕೀತೇ? ಅಂಕವೊಂದನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಒಟ್ಟು 720 ಅಂಕಗಳ ಈ ಪರೀಕ್ಷೆಯಲ್ಲಿ 600ಕ್ಕಿಂತ ಹೆಚ್ಚು ಗಳಿಸಿದವರು 2024ರಲ್ಲಿ ದೇಶದಾದ್ಯಂತ ಎಂಬತ್ತು ಸಾವಿರದ ಆಸುಪಾಸಿನಲ್ಲಿದ್ದರು. ಮರುವರ್ಷ ಪ್ರಶ್ನೆಪತ್ರಿಕೆ ಕಠಿಣವಾಗಿದ್ದುದರಿಂದ ಅಷ್ಟು ಗಳಿಸಿದವರು ಸುಮಾರು 1,300 ಮಂದಿ ಮಾತ್ರ, ಅತ್ಯುನ್ನತ ಅಂಕವೇ 686. ಹಿಂದಿನ ವರ್ಷ ನೆರೆಮನೆಯ ಹುಡುಗನಿಗೆ ಎಷ್ಟು ಅಂಕಕ್ಕೆ ಸೀಟು ಸಿಕ್ಕಿತೆಂಬುದನ್ನು ಅಳತೆಗೋಲಾಗಿ ಹಿಡಿದು ಸಂತೋಷಪಡುವುದೂ ಬೇಡ, ಎದೆಗುಂದುವುದೂ ಬೇಡ. ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬಹುದಾದದ್ದು ರ್‍ಯಾಂಕ್ ಮಾತ್ರ.

ಅರ್ಹತೆ ಪಡೆಯುವುದೇ ಬೇರೆ, ಸೀಟು ಪಡೆಯುವುದೇ ಬೇರೆ. ಸಾಮಾನ್ಯ ವರ್ಗಕ್ಕೆ ನೀಟ್ ಅರ್ಹತೆಯ ಗೆರೆ ಐವತ್ತನೆಯ ಪರ್ಸೆಂಟೈಲ್. ಅದರರ್ಥ ಐವತ್ತು ಶೇಕಡಾ ಅಂಕ ಎಂದಲ್ಲ, ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲಿರಬೇಕು ಎಂದು. 2025ರಲ್ಲಿ ಆ ಗೆರೆ 144 ಅಂಕಕ್ಕೆ ಬಂದು ನಿಂತಿತು. ಪರೀಕ್ಷೆ ಬರೆದ 22 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು, ಆದರೆ ದೇಶದ ಸರ್ಕಾರಿ ಮತ್ತು ಖಾಸಗಿ ಎಂಬಿಬಿಎಸ್ ಸೀಟುಗಳನ್ನು ಒಟ್ಟು ಸೇರಿಸಿದರೂ ಲಕ್ಷಕ್ಕೆ ಸ್ವಲ್ಪ ಮೇಲಷ್ಟೆ. ಫಲಿತಾಂಶದ ಹಾಳೆಯಲ್ಲಿ 'ಅರ್ಹ' ಎಂಬ ಮಾತನ್ನು ಕಂಡೊಡನೆ ಸೀಟು ಕೈಸೇರಿತೆಂದು ತಿಳಿದು ಆಮೇಲೆ ಮಂಕಾಗುವ ಮಕ್ಕಳನ್ನು ನೋಡಿದಾಗ, ಈ ವ್ಯತ್ಯಾಸವನ್ನು ಪಿಯುಸಿ ತರಗತಿಯಲ್ಲೇ ಯಾರಾದರೂ ಬಿಡಿಸಿ ಹೇಳಬಾರದಿತ್ತೇ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಸಾಧ್ಯತೆಯನ್ನು ತಿಳಿಯುವುದು ಹೇಗೆ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ಹಂಚಿಕೆಯ ನಂತರ ಕಟ್-ಆಫ್ ರ್‍ಯಾಂಕ್‌ಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಎಡಗಡೆ ಕಾಲೇಜಿನ ಹೆಸರು. ಅಡ್ಡಸಾಲಿನಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 3ಎಜಿ, 3ಎಕೆ, 3ಎಆರ್ ಎಂದು ಮುಂತಾಗಿ ವರ್ಗಗಳು. ಮೊದಲ ಭಾಗ ವರ್ಗವನ್ನು ಹೇಳುತ್ತದೆ: ಜಿಎಂ ಎಂದರೆ ಸಾಮಾನ್ಯ ವರ್ಗ, 3ಎ ಎಂದರೆ ಹಿಂದುಳಿದ ವರ್ಗಗಳಲ್ಲಿ ಒಂದು. ಕೊನೆಯ 'ಕೆ' ಕನ್ನಡ ಮಾಧ್ಯಮದಲ್ಲಿ ಓದಿದವರನ್ನೂ 'ಆರ್' ಗ್ರಾಮೀಣ ಪ್ರದೇಶದಲ್ಲಿ ಓದಿದವರನ್ನೂ ಸೂಚಿಸುತ್ತದೆ. ಒಂದು ಕಾಲೇಜಿನ ನೇರಕ್ಕೆ 3ಎಆರ್ ಕೆಳಗಿರುವ ಸಂಖ್ಯೆಯೆಂದರೆ ಆ ಸುತ್ತಿನಲ್ಲಿ ಆ ವರ್ಗದಡಿ ಅಲ್ಲಿ ಸೀಟು ಪಡೆದ ಕೊನೆಯ ವಿದ್ಯಾರ್ಥಿಯ ರ್‍ಯಾಂಕ್. ಹಿಂದಿನ ಎರಡು ಮೂರು ವರ್ಷಗಳ ಇಂಥ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ನಿಮ್ಮ ವರ್ಗದ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ, ಹಣ ಪಡೆದು ಸಲಹೆ ನೀಡುವವರಿಗಿಂತ ಸ್ಪಷ್ಟವಾದ ಉತ್ತರ ನಿಮಗೇ ದೊರೆಯುತ್ತದೆ. ಮೊದಲ ಸುತ್ತಿನ ಸಂಖ್ಯೆಯನ್ನು ಮೊದಲ ಸುತ್ತಿನೊಂದಿಗೇ ಹೋಲಿಸಬೇಕು, ಕೊನೆಯ ಸುತ್ತಿನೊಂದಿಗಲ್ಲ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆರಂಭವಾದದ್ದು 150 ಸೀಟುಗಳೊಂದಿಗೆ. ನಮ್ಮ ಜಿಲ್ಲೆಯವರಿಗೆ ಅಲ್ಲಿ ಆದ್ಯತೆಯಿದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅಂಥ ಜಿಲ್ಲಾ ಕೋಟಾ ಇಲ್ಲ. ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಶೇ. 15ರಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಉಳಿದವು ಇಡೀ ರಾಜ್ಯದ ವಿದ್ಯಾರ್ಥಿಗಳಿಗೆ ರ್‍ಯಾಂಕ್ ಮತ್ತು ವರ್ಗದ ಪ್ರಕಾರ ಹಂಚಿಕೆಯಾಗುತ್ತವೆ. ಕೊಡಗಿನ ಮಕ್ಕಳಿಗೆ ನಿಜವಾಗಿ ನೆರವಾಗಬಲ್ಲದ್ದು ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ನಾಪೋಕ್ಲು ಕಡೆಯ ಹಳ್ಳಿಯಲ್ಲಿ ಒಂಬತ್ತು ವರ್ಷ ಓದಿ, ಹತ್ತನೆಯ ತರಗತಿಗೆ ಮಾತ್ರ ಮಡಿಕೇರಿ ಪಟ್ಟಣದ ಶಾಲೆಗೆ ಸೇರಿದ್ದರೆ ಆ ಹಕ್ಕು ತಪ್ಪಿಹೋಗುತ್ತದೆ. ಹೈಸ್ಕೂಲಿಗೆ ಪಟ್ಟಣಕ್ಕೆ ಕಳುಹಿಸುವ ಮೊದಲೇ ತಂದೆತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದು ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕು. ರಾಜ್ಯದ ಪಟ್ಟಿಯಲ್ಲಿ ಹಿಂದುಳಿದ ವರ್ಗವೆಂದಿದ್ದ ಮಾತ್ರಕ್ಕೆ ಅಖಿಲ ಭಾರತ ಕೋಟಾದಲ್ಲೂ ಒಬಿಸಿ ಮೀಸಲಾತಿ ದೊರೆಯುವುದಿಲ್ಲ, ಕೇಂದ್ರದ ಪಟ್ಟಿಯೇ ಬೇರೆ. ಇನ್ನು, ಸೇನೆಯಲ್ಲಿರುವವರು ಮತ್ತು ನಿವೃತ್ತರಾದವರು ಇಷ್ಟೊಂದು ಮಂದಿಯಿರುವ ಜಿಲ್ಲೆ ನಮ್ಮದು. ಅವರ ಮಕ್ಕಳಿಗೆ ಕೆಇಎ ಹಂಚಿಕೆಯಲ್ಲಿ ವಿಶೇಷ ವರ್ಗವಿದ್ದು, ಬೇಕಾದ ದಾಖಲೆಗಳ ವಿಚಾರವನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು.

ಇನ್ನು ಆಪ್ಷನ್ ಎಂಟ್ರಿಯ ವಿಚಾರ, ಅಂದರೆ ಬೇಕಾದ ಕಾಲೇಜುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು. ಒಳ್ಳೆಯ ರ್‍ಯಾಂಕ್ ಇದ್ದೂ ಅದಕ್ಕಿಂತ ಕೆಳಮಟ್ಟದ ಸೀಟಿಗೆ ಒಪ್ಪಿಕೊಳ್ಳಬೇಕಾಗಿ ಬರುವುದು ಹೆಚ್ಚಾಗಿ ಇಲ್ಲೇ. "ದೊಡ್ಡ ಕಾಲೇಜನ್ನು ಮೊದಲು ಬರೆದರೆ ಇದ್ದ ಅವಕಾಶವೂ ಹೋದೀತು" ಎಂಬ ಭಯದಿಂದ ಸುಲಭವಾಗಿ ಸಿಗುವ ಕಾಲೇಜನ್ನು ಮೇಲೆ ಬರೆಯುವವರಿದ್ದಾರೆ. ಗಣಕಯಂತ್ರ ನಿಮ್ಮ ರ್‍ಯಾಂಕಿನ ಸರದಿ ಬಂದಾಗ ಪಟ್ಟಿಯ ಮೊದಲ ಹೆಸರಿನಿಂದ ನೋಡುತ್ತಾ ಇಳಿಯುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದುದರಿಂದ ಕೆಳಗಿನದರ ಅವಕಾಶ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಮೇಲೆ ಬರೆದ ಕಾಲೇಜು ಸಿಕ್ಕಿಬಿಟ್ಟರೆ ಕೆಳಗಿನ ಹೆಸರುಗಳನ್ನು ಆ ಸುತ್ತಿನಲ್ಲಿ ನೋಡುವುದೇ ಇಲ್ಲ. ಆದ್ದರಿಂದ ಕ್ರಮ ನಿಮ್ಮ ನಿಜವಾದ ಇಷ್ಟದ್ದಾಗಿರಲಿ, ಶುಲ್ಕ ಕಟ್ಟಲಾಗದ ಕಾಲೇಜಿನ ಹೆಸರು ಪಟ್ಟಿಯಲ್ಲಿ ಬೇಡ. ನಿಜವಾದ ಹಂಚಿಕೆಗೆ ಮೊದಲು ಪ್ರಾಯೋಗಿಕವಾಗಿ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕ್ರಮವನ್ನು ಬದಲಿಸಲು ಅವಕಾಶವಿರುತ್ತದೆ, ಅದನ್ನು ಬಳಸಿಕೊಳ್ಳಿ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಿವೆ. ಒಂದನೆಯದು ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು. ಎರಡನೆಯದು ಸಿಕ್ಕಿದ್ದನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ಮನೆಯವರೆಲ್ಲ ಕುಳಿತು ಅರ್ಥಮಾಡಿಕೊಂಡ ಮೇಲೆಯೇ ಗುಂಡಿ ಒತ್ತಬೇಕು. ಕೌನ್ಸೆಲಿಂಗ್, ಅಂದರೆ ಈ ಸೀಟು ಹಂಚಿಕೆಯ ಪ್ರಕ್ರಿಯೆ, ನಡೆಯುವುದು ಹೆಚ್ಚಾಗಿ ನಮ್ಮ ಮಳೆಗಾಲದಲ್ಲೇ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಮೊಬೈಲ್ ಸಿಗ್ನಲ್ಲೂ ಇಲ್ಲದೆ ಎರಡು ದಿನ ಕಳೆಯುವುದು ಇಲ್ಲಿ ಹೊಸದೇನಲ್ಲ. ಕೊನೆಯ ದಿನದವರೆಗೆ ಕಾಯದೆ, ಬೇಕಾದರೆ ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಮನೆಗೆ ಹೋಗಿಯಾದರೂ ಕೆಲಸ ಮುಗಿಸಿಬಿಡಿ.

ಹಣ ಕೊಟ್ಟರೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆಂದು ಫೋನ್ ಮಾಡುವವರನ್ನು ದಯವಿಟ್ಟು ನಂಬಬೇಡಿ. ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಯ ಸೀಟುಗಳೂ ಎನ್‌ಆರ್‌ಐ ಸೀಟುಗಳೂ ನೀಟ್ ರ್‍ಯಾಂಕಿನ ಮೇಲೆ ಕೆಇಎ ಕೌನ್ಸೆಲಿಂಗ್ ಮೂಲಕವೇ ತುಂಬುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ಸಮಿತಿ ಹಂಚುತ್ತದೆ. ಮಧ್ಯವರ್ತಿಗೆ ಇದರಲ್ಲಿ ಸ್ಥಾನವೇ ಇಲ್ಲ.

ಎಂಬಿಬಿಎಸ್ ಕೈತಪ್ಪಿದರೂ ಅದೇ ನೀಟ್ ರ್‍ಯಾಂಕಿನಲ್ಲಿ ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪತಿ ಕೋರ್ಸುಗಳಿವೆ. ದಂತವೈದ್ಯಕೀಯ ಕಾಲೇಜು ವಿರಾಜಪೇಟೆಯಲ್ಲೇ ಇದೆ. ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ್ ಮತ್ತು ಪಶುವೈದ್ಯಕೀಯಕ್ಕೆ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬರೆದಿರಬೇಕು. ನೀಟ್ ಒಂದನ್ನೇ ನಂಬಿ ಸಿಇಟಿಗೆ ಅರ್ಜಿ ಹಾಕದೆ ಬಿಟ್ಟವರಿಗೆ ಆ ವರ್ಷ ಈ ಬಾಗಿಲುಗಳು ಮುಚ್ಚಿರುತ್ತವೆ, ಆದ್ದರಿಂದ ಈಗ ದ್ವಿತೀಯ ಪಿಯುಸಿಯಲ್ಲಿರುವ ವಿಜ್ಞಾನ ವಿದ್ಯಾರ್ಥಿಗಳು ಎರಡೂ ಪರೀಕ್ಷೆಗಳಿಗೆ ಅರ್ಜಿ ಸಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.